ಗೂಳಿಯೊಡನೆ ಮಾಮಾನ ಶಾಂತಿ ಒಪ್ಪಂದ

ಬೆಳಗಿನ ಆರೂವರೆ. ನಮ್ಮ ಮನೆಯಲ್ಲಿ ಅನಾಹುತ ಶುರುವಾದ ಗಳಿಗೆ ಅದೇ. ಆ ಹೊತ್ತಿಗೆ ನನ್ನ ಸೋದರಮಾವ ಬನಿಯನ್, ಧೋತರದಲ್ಲಿ ಬಾಗಿಲಿಗೆ ಬಂದು, ಓಣಿಯಲ್ಲಿ ನಿಂತಿದ್ದ ಗೂಳಿಯೊಂದಕ್ಕೆ ಜೋಳದ ರೊಟ್ಟಿ ಕೊಟ್ಟರು. ಅಷ್ಟೇ. ಒಂದೇ ಒಂದು ರೊಟ್ಟಿ! ಮಹಾಯುದ್ಧಗಳೂ ಇಷ್ಟೇ ಸಣ್ಣದರಿಂದ ಶುರುವಾಗುತ್ತವೆ ಎಂದು ನನಗೆ ಕಲಿಸಿದವರು ಯಾರು ಗೊತ್ತೇ? ಅದೇ ಮಾಮಾ!

ಈ ಭೂಮಿಯ ಮೇಲೆ ಓಲೈಕೆಯ ನೀತಿಯನ್ನು ನಮ್ಮ ಮಾಮಾನಷ್ಟು ದ್ವೇಷಿಸಿದವರು ಇನ್ನೊಬ್ಬರಿಲ್ಲ. ಅದನ್ನು ಅವರಷ್ಟು ಶ್ರದ್ಧೆಯಿಂದ ಪಾಲಿಸಿದವರೂ ಇನ್ನೊಬ್ಬರಿಲ್ಲ. ಬಬಲೇಶ್ವರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತ ಅವರು ನಿವೃತ್ತಿಯ ದಿನದವರೆಗೂ ಜರ್ಮನಿಯ ಸರ್ವಾಧಿಕಾರಿಯ ವಿರುದ್ಧ ಹೋರಾಡಿದರು. ಆಮೇಲೆ ವಿಜಯಪುರಕ್ಕೆ ಬಂದು, ಸಿದ್ಧೇಶ್ವರ ಗುಡಿಯ ಹತ್ತಿರದ ಹಳೆಯ ಮನೆಯಲ್ಲಿ ನೆಲೆಸಿ, ಒಂದು ಗೂಳಿಗೆ ಶರಣಾದರು.

ಅವರ ಪಾಠ ಹೇಗಿರುತ್ತಿತ್ತು ಅಂತ ನನ್ನನ್ನು ಕೇಳಬೇಕು. ಹೊನವಾಡದ ನಮ್ಮ ಮನೆಯಿಂದ ನನ್ನನ್ನು ಓದಲು ಅವರ ಹತ್ತಿರ ಬಿಟ್ಟಿದ್ದರು. ಚೆಕೊಸ್ಲೊವಾಕಿಯಾದ ನೆಲವನ್ನು ಜರ್ಮನಿಗೆ ಬಿಟ್ಟುಕೊಟ್ಟ ಮ್ಯೂನಿಕ್ ಒಪ್ಪಂದದ ಪಾಠ ಬಂದ ದಿನ ಮಾಮಾ ಬಿರುಬಿಸಿಲಿನಲ್ಲಿ ಛತ್ರಿ ಹಿಡಿದು ತರಗತಿಗೆ ಬಂದರು. ಆಗಿನ ಇಂಗ್ಲೆಂಡಿನ ಪ್ರಧಾನಿಯ ಕೈಯಲ್ಲಿ ಸದಾ ಛತ್ರಿ ಇರುತ್ತಿತ್ತಂತೆ. ತರಗತಿಯಲ್ಲೇ ದಪ್ಪಗಿದ್ದ ಹುಡುಗನೊಬ್ಬ ಜರ್ಮನಿಯಾದ. ಸಣಕಲು ಹುಡುಗನೊಬ್ಬ ಛತ್ರಿ ಹಿಡಿದು ಇಂಗ್ಲೆಂಡಾದ. ಚೆಕೊಸ್ಲೊವಾಕಿಯಾ ಯಾರಾಗಬೇಕು? ಮನೆಯ ಹುಡುಗಿ, ದೂರು ಹೇಳುವವಳಲ್ಲ ಎಂದು ನನ್ನನ್ನೇ ಮಾಡಿದರು! ನನ್ನ ಊಟದ ಡಬ್ಬಿ ಮೇಜಿನ ಮೇಲೆ ಬಂತು. ನನ್ನನ್ನು ಮಾತ್ರ ಬಾಗಿಲ ಹೊರಗೆ ನಿಲ್ಲಿಸಿದರು. ಯಾಕೆಂದರೆ ಮ್ಯೂನಿಕ್ಕಿನಲ್ಲಿ ನಡೆದದ್ದೇ ಹಾಗೆ. ದೊಡ್ಡ ದೇಶಗಳು ಒಳಗೆ ಕೂತು ಮಾತಾಡಿದವು. ಯಾರ ನೆಲ ಹೋಗಬೇಕಿತ್ತೋ ಅವರು ಹೊರಗೆ ಕಾದರು.

ಜರ್ಮನಿ ಮೊದಲು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕೇಳಿತು. ಇಂಗ್ಲೆಂಡು ಕೊಟ್ಟಿತು. ಹಿಂಡಿ ನನ್ನದು!

"ಹೊಟ್ಟಿ ತುಂಬಿತೇನಲೇ ಜರ್ಮನಿ?"

"ಇಲ್ರಿ ಸರ. ರೊಟ್ಟಿ ಇಲ್ದ ಬರೇ ಹಿಂಡಿ ಹೆಂಗ ತಿನ್ನೂದ್ರಿ?"

ರೊಟ್ಟಿ ಹೋಯಿತು. ಎಣ್ಣೆಗಾಯಿ ಹೋಯಿತು. ಕಡೆಗೆ ಆ ಹುಡುಗ ಪಕ್ಕದ ಬೆಂಚಿನಲ್ಲಿ ಪೋಲೆಂಡಾಗಿದ್ದವನ ಡಬ್ಬಿಯತ್ತ ಕೈ ಚಾಚಿದ. ಮಾಮಾ ಮೇಜು ಗುದ್ದಿದರು. "ನೋಡಿದ್ರೇನು? ಕೊಟ್ರ ಹಸಿವು ಇಂಗೂದಿಲ್ಲ, ರುಚಿ ಹತ್ತತೈತಿ! ಆ ಪ್ರಧಾನಿ ಊರಿಗೆ ಬಂದು ಕಾಗದ ಬೀಸಿ ಶಾಂತಿ ತಂದೀನಿ ಅಂದ. ಮಂದಿ ಜೈ ಅಂದ್ರು. ಮುಂದಿನ ವರ್ಷ ಏನಾತು?"

"ಯುದ್ಧ ಆತ್ರಿ ಸರ!" ಎಂದು ಇಡೀ ತರಗತಿ ಕೂಗಿತು. ಚೆಕೊಸ್ಲೊವಾಕಿಯಾ ಆ ದಿನ ಉಪವಾಸ ಬಿತ್ತು.

ಇಂಥ ಮನುಷ್ಯ ಗೂಳಿಗೆ ರೊಟ್ಟಿ ಕೊಟ್ಟರೆ ನನಗೆ ಸಿಟ್ಟು ಬರಬೇಕೋ ಬೇಡವೋ?

ಗೂಳಿಯ ವಿಷಯ ಹೇಳಿಬಿಡುತ್ತೇನೆ. ಯಾರೋ ಹರಕೆ ಹೊತ್ತು ದೇವರ ಹೆಸರಿನಲ್ಲಿ ಬಿಟ್ಟದ್ದು ಅದು. ದೇವರ ಗೂಳಿಯನ್ನು ಹೊಡೆಯುವವರಿಲ್ಲ, ಕಟ್ಟುವವರಿಲ್ಲ. ಓಣಿಯ ಮಂದಿ ಅದನ್ನು ಬಸವಣ್ಣ ಎಂದು ಕರೆದು ಕೈಮುಗಿಯುತ್ತಿದ್ದರು, ಮತ್ತು ಅದು ಎದುರು ಬಂದರೆ ಅಂಗಡಿಯೊಳಗೆ ಹಾರುತ್ತಿದ್ದರು. ಭಕ್ತಿ ಮತ್ತು ಭಯ ಇಷ್ಟು ಒಟ್ಟಿಗೆ ಓಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ!

ನಾನು ಸೊಲ್ಲಾಪುರ ರಸ್ತೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮಾಮಾನ ಮನೆಯ ಅಂಗಳದ ಕೋಣೆಯಲ್ಲಿ ನನ್ನ ವಾಸ. ಅಂಗಳದಲ್ಲಿ ನನ್ನ ಸ್ಕೂಟರ್ ನಿಲ್ಲುತ್ತದೆ. ಗೋಡೆಯ ಬದಿಗೆ ನನ್ನ ಸೇವಂತಿಗೆಯ ಕುಂಡಗಳು. ಈ ಭೂಗೋಳವನ್ನು ನೆನಪಿಡಿ. ಮುಂದೆ ನಡೆದ ಆಕ್ರಮಣವೆಲ್ಲ ಇಲ್ಲೇ.

ಮೊದಲು ಗೂಳಿ ಓಣಿಯಲ್ಲಿ ನಿಂತು ತಿನ್ನುತ್ತಿತ್ತು. ಕೆಲವು ದಿನಗಳಲ್ಲಿ ಮುಂಗಾಲುಗಳು ಗೇಟಿನೊಳಗೆ ಬಂದವು. ಮಾಮಾ ಒಂದು ಹೆಜ್ಜೆ ಹಿಂದೆ ಸರಿದು ಅಲ್ಲಿಂದ ಕೊಟ್ಟರು. ಅದು ಪೂರ್ತಿ ಅಂಗಳಕ್ಕೆ ಬಂತು. ಮಾಮಾ ಮೆಟ್ಟಿಲು ಹತ್ತಿ ಕೊಟ್ಟರು! ಸಾಲದ್ದಕ್ಕೆ ಹಳೆಯ ಸೀಮೆಸುಣ್ಣ ಹುಡುಕಿ ತಂದು ಅಂಗಳದ ಕಲ್ಲಿನ ಮೇಲೆ ಗೆರೆ ಎಳೆದರು.

"ಇದೇನ್ರಿ ಮಾಮಾ?"

"ಗಡಿ. ಇದನ್ನ ದಾಟಿ ಬರೂದಿಲ್ಲ ಅಂತ ಮಾತಾಗೇತಿ."

"ಯಾರ ಜೋಡಿ ಮಾತಾಗೇತ್ರಿ?"

"ಅದರ ಜೋಡೀನ."

"ಅದೇನಂತು?"

"ತಲಿ ಅಲ್ಲಾಡಿಸ್ತು."

"ಹೂಂ ಅಂತ ಅಲ್ಲಾಡಿಸ್ತೋ, ಊಹೂಂ ಅಂತ ಅಲ್ಲಾಡಿಸ್ತೋ?"

"ತಂಗಿ, ದೊಡ್ಡ ಮಾತುಕತಿಯೊಳಗ ಇಷ್ಟು ಬಿಡಿಸಿ ಕೇಳಬಾರದು."

ಮರುದಿನ ಗೂಳಿ ಆ ಗೆರೆಯ ಮೇಲೆಯೇ ಸಗಣಿ ಹಾಕಿತು. ಗಡಿ ಅಲ್ಲಿಗೆ ಮುಗಿಯಿತು.

ಬೇಡಿಕೆಯೂ ಬೆಳೆಯಿತು. ಬರೀ ರೊಟ್ಟಿಯನ್ನು ಅದು ಮೂಸಿ ಬಿಟ್ಟುಬಿಡುತ್ತಿತ್ತು. ರೊಟ್ಟಿಯ ಮೇಲೆ ಬೆಲ್ಲ ಬಂತು. ಬೆಲ್ಲ ಸಪ್ಪೆಯೆನಿಸಿದಾಗ ಒಣದ್ರಾಕ್ಷಿ ಬಂತು. ಒಣದ್ರಾಕ್ಷಿ ಯಾರದು? ನನ್ನದು! ನಮ್ಮ ತೋಟದ ದ್ರಾಕ್ಷಿಯನ್ನು ಒಣಗಿಸಿ, ಕಡ್ಡಿ ಆರಿಸಿ, ನನ್ನ ಅವ್ವ ಹೊನವಾಡದ ಬಸ್ಸಿಗೆ ಕೊಟ್ಟು ಕಳಿಸಿದ್ದು. ಡಬ್ಬಿ ಖಾಲಿಯಾದದ್ದು ಕಂಡು ನಾನು ಕೂಗಾಡಿದರೆ, ಮಾಮಾ ಒದ್ದೆಯಾದ ಅಂಗೈಯನ್ನು ಎತ್ತಿ ತೋರಿಸುತ್ತ ಒಳಗೆ ಬಂದರು.

"ನೋಡಿಲ್ಲಿ, ಕೈ ನೆಕ್ಕೇತಿ! ಇನ್ನೇನು ಬೇಕು? ಇನ್ ಮ್ಯಾಲ ಕಾಟಿಲ್ಲ."

ನನಗೆ ಕಾಗದ ಬೀಸಿದ ಆ ಪ್ರಧಾನಿಯೇ ಕಂಡ ಹಾಗಾಯಿತು. ಆತನ ಕೈಯಲ್ಲಿ ಕಾಗದವಾದರೂ ಇತ್ತು. ಇವರದು ಬರೀ ಜೊಲ್ಲು!

ಆಮೇಲೆ ನನ್ನ ಕುಂಡಗಳು ಹೋದವು. ಸ್ಕೂಟರ್ ನಿಲ್ಲುವ ಜಾಗವೂ ಹೋಯಿತು. ಗೂಳಿ ನೆರಳಿಗೆ ಅಲ್ಲಿ ಮಲಗುತ್ತದೆ, ಅದಕ್ಕೆ ಬೇಸರ ಮಾಡುವುದು ಬೇಡ, ಸ್ಕೂಟರನ್ನು ಗೋಡೆಗೆ ಒತ್ತಿ ನಿಲ್ಲಿಸು ಎಂದು ನನಗೇ ಅಪ್ಪಣೆಯಾಯಿತು. ಯಾರು ನನ್ನನ್ನು ಕೇಳಿದರು? ಯಾವ ಸಭೆಗೆ ನನ್ನನ್ನು ಕರೆದರು?

"ಗೇಟ್ ಮುಚ್ಚರಿ ಮಾಮಾ," ಎಂದು ನಾನು ದಿನಾ ಹೇಳಿದೆ.

"ಮುಚ್ಚಿದ್ರ ಅದಕ್ಕ ಅಪಮಾನ ಆಕ್ಕೇತಿ. ಸಿಟ್ಟಾದ್ರ?"

"ನೀವ ಕಲಿಸಿದ್ದು ಮರತ್ರ್ಯಾ? ಕೊಟ್ರ ರುಚಿ ಹತ್ತತೈತಿ ಅಂತ?"

"ಅದು ಯುರೋಪಿಂದು. ಇದು ನಮ್ಮ ಓಣಿದು."

ಒಳಗೆ ರೊಟ್ಟಿ ತಟ್ಟುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ಅಲ್ರೀ, ನನ್ನ ಕೈರೊಟ್ಟಿಗೆ ಮದಿವಿ ಆದಾಗಿಂದ ಒಂದು ದಿನ ಚಲೋ ಐತಿ ಅಂದಿಲ್ಲ. ನಿಮಗಿಂತ ಆ ಬಸವಣ್ಣನ ನೆಟ್ಟಗ, ತಿಂದು ತಲಿಯರ ಅಲ್ಲಾಡಸ್ತಾನ!"

ಸಂಜೆ ಇದೇ ಮಾಮಾ ಸೊಲ್ಲಾಪುರ ರಸ್ತೆಯ ಚಹಾದಂಗಡಿಯಲ್ಲಿ ಕೂತು, ಪತ್ರಿಕೆಯ ವಿದೇಶದ ಪುಟ ಬಿಡಿಸಿಕೊಂಡು, ಜಗತ್ತಿನ ಪ್ರಧಾನಿಗಳನ್ನೆಲ್ಲ ಹೇಡಿಗಳು ಎಂದು ಬೈಯುತ್ತಿದ್ದರು. ಬೈದು ಮುಗಿಸಿ, ಮನೆಗೆ ಬರುವಾಗ ಗೂಳಿಗೆ ಬಾಳೆಹಣ್ಣು ತರುತ್ತಿದ್ದರು!

ಹೀಗಿರುವಾಗ ಶಿವರಾತ್ರಿ ಬಂತು.

ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು ಅವತ್ತು ನಡೆಯಿತು. ಮನೆಯಲ್ಲಿ ಎಲ್ಲರಿಗೂ ಉಪವಾಸ. ರೊಟ್ಟಿ ತಟ್ಟುವಂತಿಲ್ಲ. ನಾವು ಉಪವಾಸ ಮಾಡಿದರೆ ಗೂಳಿಯೂ ಮಾಡುತ್ತದೆ ಎಂದು ನಾವೆಲ್ಲ ಹೇಗೆ ನಂಬಿದೆವೋ ಕಾಣೆ. ಶಿವನ ವಾಹನ ಅಲ್ಲವೇ, ಅದಕ್ಕೂ ಗೊತ್ತಿರುತ್ತದೆ ಅಂತಲೋ ಏನೋ! ಮಾಮಾ ತಟ್ಟೆಯಲ್ಲಿ ಒಂದಿಷ್ಟು ಸಾಬೂದಾಣಿ ಉಸುಳಿ ಹಾಕಿ ಮುಂದಿಟ್ಟರು. ಗೂಳಿ ಮೂಸಿತು. ತಟ್ಟೆಯನ್ನು ಕೊಂಬಿನಿಂದ ಎತ್ತಿ ಗೋಡೆಗೆ ಒಗೆಯಿತು. ಮಾಮಾ ಒಣದ್ರಾಕ್ಷಿ ತರುತ್ತೇನೆಂದು ಒಳಗೆ ಓಡಿದರು.

ಅದೇ ಹೊತ್ತಿಗೆ ನಾನು ಸ್ಕೂಟರ್ ತೆಗೆಯಲು ಅಂಗಳಕ್ಕೆ ಇಳಿದೆ.

ಇಲ್ಲಿಂದ ಮುಂದೆ ನಗಿಸಲು ನನಗೆ ಕಷ್ಟ. ಗೂಳಿ ನನ್ನತ್ತ ತಿರುಗಿತು. ಸ್ಕೂಟರ್ ಬಿತ್ತು. ಹಿಂದೆ ಗೋಡೆ. ಅದರ ಹಣೆ ನನ್ನ ಎದೆಯ ಹತ್ತಿರ, ಒಂದೊಂದು ಪಕ್ಕಕ್ಕೆ ಒಂದೊಂದು ಕೊಂಬು. ಕೊಂಬು ಗೋಡೆಯನ್ನು ಕೆರೆದು ಸುಣ್ಣ ನನ್ನ ತೋಳಿನ ಮೇಲೆ ಉದುರಿತು. ಅದರ ಉಸಿರು ಬಿಸಿಯಾಗಿತ್ತು, ಬೆಲ್ಲದ ವಾಸನೆ ಬರುತ್ತಿತ್ತು. ನಮ್ಮದೇ ಬೆಲ್ಲ! ಈಗಲೂ ರಸ್ತೆಯಲ್ಲಿ ಲಾರಿ ಬ್ರೇಕು ಹಾಕಿ ಬುಸ್ ಎಂದರೆ ನನ್ನ ಬೆನ್ನು ಗೋಡೆ ಹುಡುಕುತ್ತದೆ.

ಆಗ ಗುಡಿಯಿಂದ ಬಂದ ಅತ್ತೆ ಗೇಟಿನಲ್ಲಿ ನಿಂತು ಚೀರಿದರು. "ಯಪ್ಪಾ ಬಸವಣ್ಣಾ, ಬಿಡೋ! ನನ್ನ ಮಗಳಂಥಾಕಿ, ಬಿಡೋ!"

ಗೂಳಿ ನನ್ನನ್ನು ಬಿಟ್ಟಿತು. ಬಿಟ್ಟು ಅತ್ತೆಯತ್ತ ತಿರುಗಿತು. ಅತ್ತೆಗೆ ಮೊಳಕಾಲು ನೋವು. ಮೆಟ್ಟಿಲು ಇಳಿಯುವುದೇ ಕಷ್ಟ, ಓಡುವುದೆಲ್ಲಿ! ಕೈಯಲ್ಲಿ ಬಿಲ್ವಪತ್ರೆಯ ತಟ್ಟೆ ಹಿಡಿದು ಹಾಗೇ ನಿಂತುಬಿಟ್ಟರು.

ಬಾಗಿಲಿನಿಂದ ಮಾಮಾ ಹಾರಿದರು. ಗೂಟಕ್ಕೆ ನೇತುಹಾಕಿದ್ದ, ಪಾಠದ ಆ ಹಳೆಯ ಛತ್ರಿ ಅವರ ಕೈಯಲ್ಲಿತ್ತು. ಗೂಳಿಗೂ ಅತ್ತೆಗೂ ನಡುವೆ ಬಂದು, ಅದರ ಮೂತಿಯ ಮುಂದೆ ಛತ್ರಿಯನ್ನು ಫಟ್ ಎಂದು ಬಿಚ್ಚಿದರು!

"ಸಾಕಲೇ! ಇನ್ನೊಂದು ಹೆಜ್ಜಿ ಇಡಬ್ಯಾಡ!"

ಅಂಥ ಕರಿಯ ಪ್ರಾಣಿಯನ್ನು ಗೂಳಿ ಎಂದೂ ಕಂಡಿರಲಿಲ್ಲ. ಬೆದರಿ ತಲೆ ಕೊಡವಿತು. ಆ ರಭಸಕ್ಕೆ ಮಾಮಾ ಪಕ್ಕಕ್ಕೆ ಅಂಗಳದ ಕಲ್ಲಿನ ಮೇಲೆ ಬಿದ್ದು ಕೈ ಮುರಿದುಕೊಂಡರು. ಅತ್ತೆ ಪಕ್ಕದ ಕಟ್ಟೆಗೆ ಒರಗಿದರು. ಛತ್ರಿ ಕೊಂಬಿಗೆ ಸಿಕ್ಕಿಕೊಂಡಿತು. ಗೂಳಿ ಬಿಚ್ಚಿದ ಛತ್ರಿಯನ್ನು ತಲೆಯ ಮೇಲೆ ಹೊತ್ತು ಗೇಟಿನಿಂದಾಚೆ ಓಡಿತು. ಶಿವರಾತ್ರಿಯ ದಿನ ಬಸವಣ್ಣ ಛತ್ರಿ ಹಿಡಿದು ಬಂದದ್ದನ್ನು ಕಂಡು ಗುಡಿಯ ಮುಂದಿನ ಸಾಲಿನವರೆಲ್ಲ ಕೈಮುಗಿದರಂತೆ!

ಮುಂದಿನ ಕೆಲಸ ಓಣಿ ಮಾಡಿತು. ಅಷ್ಟು ದಿನ ಒಬ್ಬೊಬ್ಬರೇ ಬಾಳೆಹಣ್ಣು ಕೊಟ್ಟು ಪಾರಾಗುತ್ತಿದ್ದವರು ಮೊದಲ ಸಲ ಒಟ್ಟಿಗೆ ಕೂತರು. ಗುಡಿಯ ಹಿರಿಯರು ಒಪ್ಪಿದರು. ಟಿಕೋಟಾ ಕಡೆಯ ದನಗಾಹಿ ಅಣ್ಣತಮ್ಮಂದಿರು ಹಗ್ಗ ತಂದು, ಹೊಡೆಯದೆ ಬಡಿಯದೆ ಅದನ್ನು ವಾಹನಕ್ಕೆ ಹತ್ತಿಸಿಕೊಂಡು ಹೋದರು. ಈಗ ಅದು ಅವರ ಹೊಲದಲ್ಲಿ ಆಕಳುಗಳ ನಡುವೆ ಸುಖವಾಗಿದೆ. ಇಷ್ಟು ಸುಲಭದ ಕೆಲಸ ಮೊದಲೇ ಆಗಬಹುದಿತ್ತಲ್ಲ! ಈ 'ಮೊದಲೇ ಆಗಬಹುದಿತ್ತು' ಎಂಬುದೇ ನನ್ನ ಹೊಟ್ಟೆ ಉರಿಸುವುದು. ಜರ್ಮನಿಯ ಸೈನ್ಯ ಇನ್ನೂ ಅರೆಬರೆಯಾಗಿದ್ದಾಗ, ಮೊದಲ ಸಲ ಒಪ್ಪಂದದ ಗಡಿ ಮುರಿದಾಗಲೇ ಎಲ್ಲರೂ ಒಟ್ಟಾಗಿ ತಡೆದಿದ್ದರೆ ಅದು ಹಿಂದೆ ಸರಿಯುತ್ತಿತ್ತು ಎಂದು ಕಲಿಸಿದವರು ಯಾರು?

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಮಾಮಾನ ಮುಂದೆ ನಿಂತು ಇದನ್ನೇ ಕೂಗಿದೆ. "ಅಷ್ಟು ವರ್ಷ ಕಲಿಸಿದ್ದು ಸುಳ್ಳೇನ್ರಿ? ಒಂದು ದನಕ್ಕ ಅಷ್ಟು ಅಂಜಿದ್ರ್ಯಾ?"

ಅತ್ತೆ ಅಡುಗೆಮನೆಗೆ ಹೋಗುವುದನ್ನೇ ಮಾಮಾ ಕಾದರು. ಆಮೇಲೆ ಮೆಲ್ಲಗೆ ಹೇಳಿದರು.

"ನಿಮ್ಮತ್ತಿ ಗುಡಿಗೆ ಎಷ್ಟೊತ್ತಿಗೆ ಹೊಕ್ಕಾಳ?"

"ಆರೂವರಿಗೆ."

"ದೀಪಾವಳಿ ಮುಂದ ಅದು ಹೂವಿನ ಅಂಗಡಿ ಹಂತ್ಯಾಕ ಆಕಿನ್ನ ಅಟ್ಟಿಸ್ಕೊಂಡು ಬಂದಿತ್ತು. ಬಿದ್ಲು. ನನಗ ಹೇಳಲಿಲ್ಲ, ಸೀರಿಗೆ ಕೆಸರಾಗಿದ್ದು ನಾನ ನೋಡಿದ್ನಿ. ಗುಡಿಗೆ ಹೋಗಬ್ಯಾಡ ಅಂದ್ರ ಕೇಳ್ತಾಳೇನು? ಅದಕ್ಕ ಆರೂವರಿಗೆ ಅದನ್ನ ಇಲ್ಲಿ ಹಿಡದ ನಿಂದರಸ್ತಿದ್ನಿ. ಅದು ತಿಂದು ಮುಗಸೂದ್ರಾಗ ಆಕಿ ಹಿತ್ತಲ ಬಾಗಲಿಂದ ಹೊಂಟು ಓಣಿ ದಾಟ್ತಿದ್ಲು. ಕಾಲು ನೋವು ಹೆಚ್ಚಾದಂಗ ನಡಿಗಿ ನಿಧಾನ ಆತು. ನಾನು ಬೆಲ್ಲ ಹೆಚ್ಚ ಮಾಡಿದ್ನಿ."

ಮಾಮಾ ಪ್ಲಾಸ್ಟರಿನ ಕೈಯನ್ನೇ ನೋಡುತ್ತ ಮುಂದುವರಿಸಿದರು.

"ಆ ಪ್ರಧಾನಿನ್ನ ಹೇಡಿ ಅಂತ ಕಲಿಸಿದ್ನಿ, ತಂಗಿ. ಅದರ ಹಿಂದಿನ ಯುದ್ಧದಾಗ ಅವರ ಮನಿಮನಿಯೊಳಗ ಮಕ್ಕಳು ಸತ್ತಿದ್ರು. ಮತ್ತ ಹಂಗಾಗಬಾರದು ಅಂತ ಅಂವಗೂ ಅನಿಸಿರಬೇಕು. ಅದನ್ನ ಕಲಿಸಲಿಲ್ಲ ನಾನು. ಆದ್ರ ಅಂವ ಮಾಡಿದ್ದು ತಪ್ಪ, ನಾ ಮಾಡಿದ್ದೂ ತಪ್ಪ. ನಮ್ಮವರನ್ನ ಉಳಸಾಕ ಮತ್ತೊಬ್ಬರ ಅಂಗಳ ಕೊಟ್ವಿ." ಆಮೇಲೆ ನನ್ನತ್ತ ತಿರುಗಿದರು. "ನಿನ್ನ ಮತ್ತೊಮ್ಮೆ ಬಾಗಿಲ ಹೊರಗ ನಿಂದರಿಸಿದ್ನಿ."

ಸಿಟ್ಟು ಹೋಯಿತೇ? ಇಲ್ಲ. ಇಂದಿಗೂ ಪೂರ್ತಿ ಹೋಗಿಲ್ಲ. ಸಿಟ್ಟಿನ ಪಕ್ಕದಲ್ಲಿ ಬೇರೇನೋ ಬಂದು ಕೂತಿತು, ಅಷ್ಟೇ.

ಆಮೇಲೆ ಎಷ್ಟೋ ರಾತ್ರಿ ಮೂವರೂ ಸರಿಯಾಗಿ ಮಲಗಲಿಲ್ಲ. ನಾನು ಬುಸ್ ಎಂಬ ಸದ್ದು ಕೇಳಿ ಬೆಚ್ಚಿ ಏಳುತ್ತಿದ್ದೆ. ಮಾಮಾ ಕೈನೋವಿಗೆ ನರಳುತ್ತಿದ್ದರು. ಅತ್ತೆ ಎದ್ದು ಗೇಟು ನೋಡಿ ಬರುತ್ತಿದ್ದರು. ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ಸಂಜೆ ಮಾಮಾ ಊಟಕ್ಕೆ ಕೂತು, ರೊಟ್ಟಿ ಮುರಿದು, ತಲೆ ಅಲ್ಲಾಡಿಸಿ, "ಚಲೋ ಆಗ್ಯಾವು" ಅಂದರು. ಅತ್ತೆ ಹಂಚಿನ ಮುಂದೆಯೇ ಸೆರಗು ಬಾಯಿಗೆ ಹಿಡಿದು ನಕ್ಕರು.

ಆ ರಾತ್ರಿ ನಾನು ಒಮ್ಮೆಯೂ ಏಳಲಿಲ್ಲ. ಕಣ್ಣು ಬಿಟ್ಟಾಗ ಅಂಗಳದಲ್ಲಿ ಬಿಸಿಲು ಬಂದಿತ್ತು. ನನ್ನ ಸ್ಕೂಟರ್ ತನ್ನ ಹಳೆಯ ಜಾಗದಲ್ಲಿ ನಿಂತಿತ್ತು. ಆರೂವರೆ ದಾಟಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಗೇಟಿನ ಚಿಲಕ ಹಾಕಿತ್ತು. ಗುಡಿಯ ಹುಡುಗರು ತಂದುಕೊಟ್ಟಿದ್ದ, ಕಡ್ಡಿ ಮುರಿದ ಆ ಛತ್ರಿ ಗೂಟದ ಮೇಲೆ ಇರಲಿಲ್ಲ; ಅತ್ತೆಯ ಚಪ್ಪಲಿಯ ಜೊತೆಗೆ ಮಾಮಾನ ಚಪ್ಪಲಿಯೂ ಇರಲಿಲ್ಲ.