ತೊಟ್ಟಿಲಲ್ಲಿ ಗುಂಡುಕಲ್ಲು

ಬಹಳ ಹಿಂದೆ, ಸುಳ್ಳು ಹೇಳುವವರೂ ಒಂದಿಷ್ಟು ನಾಚಿಕೊಳ್ಳುತ್ತಿದ್ದ ಕಾಲದಲ್ಲಿ, ಕರುಣಾಪುರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಘೋಷಣಾದಿತ್ಯ. ಬಡವರು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಪ್ರಭುವಿಗೆ ಅಳು ಬರುತ್ತಿತ್ತು. ಸೇವಕ ಕರವಸ್ತ್ರ ತರುವಷ್ಟರಲ್ಲಿ ಹೊಸ ಯೋಜನೆಯೊಂದು ಘೋಷಣೆಯಾಗಿರುತ್ತಿತ್ತು.

ಈ ಯೋಜನೆಗಳಿಗೆ ಹೆಸರಿಡಲೆಂದೇ ಆಸ್ಥಾನದಲ್ಲಿ ಒಬ್ಬ ಕವಿಯಿದ್ದ. ಬಿರುದು ನಾಮಚಕ್ರವರ್ತಿ, ಹೆತ್ತವ್ವ ಇಟ್ಟ ಹೆಸರು ಗಿಡ್ಡಪ್ಪ. ಮಹಾಕಾವ್ಯ ಬರೆಯುತ್ತೇನೆಂದು ಅರಮನೆ ಸೇರಿದವನು ಶೀರ್ಷಿಕೆಯಲ್ಲೇ ನಿಂತುಬಿಟ್ಟಿದ್ದ. ‘ಉಳಿದ ಕವಿಗಳು ಒಂದು ಹೆಸರಿಗಾಗಿ ಸಾವಿರ ಪದ್ಯ ಬರೆಯಬೇಕು. ನಾನು ಪದ್ಯದ ಉಪದ್ರವವೇ ಇಲ್ಲದೆ ದಿನಕ್ಕೊಂದು ಹೆಸರು ಕೊಡುತ್ತೇನೆ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಪತ್ರಿಕೆಗೆ ಬರೆಯುವ ನಾವು ಅವನನ್ನು ನೋಡಿ ನಗುವಂತಿಲ್ಲ. ತಲೆಬರಹ ಹೊಳೆದ ದಿನ ನಮಗೂ ಊಟ ಸ್ವಲ್ಪ ಹೆಚ್ಚೇ ಸೇರುತ್ತದೆ.

ಅಲ್ಲಿ ಯೋಜನೆಗೂ ಕೂಸಿನಂತೆಯೇ ನಾಮಕರಣ ಮಾಡುತ್ತಿದ್ದರು. ಮನೆಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮುನ್ನ ಒರಳಿನ ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿ ತೂಗುವುದುಂಟಷ್ಟೆ, ಮಗು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಅರಮನೆಯಲ್ಲೂ ರೇಷ್ಮೆ ಸುತ್ತಿದ ಗುಂಡುಕಲ್ಲನ್ನು ಬೆಳ್ಳಿ ತೊಟ್ಟಿಲಲ್ಲಿಟ್ಟು ಮಹಾರಾಜನೇ ತೂಗುತ್ತಿದ್ದ. ಗಿಡ್ಡಪ್ಪ ಬಗ್ಗಿ ಕಲ್ಲಿನ ಕಿವಿಯಿರಬಹುದಾದ ಕಡೆ ಹೆಸರು ಉಸುರುತ್ತಿದ್ದ. ಸುಮಂಗಲಿಯರು ಜೋಗುಳ ಹಾಡುತ್ತಿದ್ದರು, ಕಡಲೆ ಉಸಲಿ ಹಂಚುತ್ತಿದ್ದರು, ಎಲ್ಲರೂ ಮನೆಗೆ ಹೋಗುತ್ತಿದ್ದರು. ಕಲ್ಲನ್ನು ತೆಗೆದು ಕೂಸನ್ನು ಮಲಗಿಸುವುದೊಂದು ಬಾಕಿಯಿದೆ ಎಂಬುದು ಯಾರಿಗೂ ನೆನಪಾಗುತ್ತಿರಲಿಲ್ಲ.

ಹೀಗಿರಲು ಒಂದು ಬೆಳಿಗ್ಗೆ ಗಿಡ್ಡಪ್ಪನ ಅಕ್ಕ ಕೆಂಚಮ್ಮ ಅವನ ಬಾಗಿಲಿಗೆ ಬಂದಳು. ಗಂಡ ಸತ್ತ ಮೇಲೆ ಕೂಲಿನಾಲಿ ಮಾಡಿ ಮಗಳು ನಿಂಗಿಯನ್ನು ಸಾಕಿದ ಹೆಂಗಸು.

“ಗಿಡ್ಡ, ನಿಂಗಿ ಹೆತ್ತವ್ಳೆ ಕಣೋ. ಎದೇಲಿ ಹಾಲಿಲ್ಲ, ಕೂಸು ಅತ್ತೂ ಅತ್ತೂ ದನಿನೇ ಹೊಂಟೋಗದೆ. ಬಾಣಂತಿ ಹೊಟ್ಟೆಗೆ ಬರೀ ತಿಳಿಗಂಜಿ ಬಿಟ್ರೆ ಹಾಲು ಎಲ್ಲಿಂದ ಬತ್ತದೆ? ಬಾಣಂತೀರಿಗೆ ಅರಮನೇಲಿ ಬೆಲ್ಲ ತುಪ್ಪ ಕೊಡ್ತಾರಂತಲ್ಲ, ಆ ಯೋಜ್ನೆ ಹೆಸ್ರೇನು?”

“ಇದೆ ಅಕ್ಕ, ಇದೆ. ನಾನೇ ಹೆಸರಿಟ್ಟಿದ್ದು,” ಎಂದು ಗಿಡ್ಡಪ್ಪ ಗಂಟಲು ಸರಿಮಾಡಿಕೊಂಡ.

“ಏನಂತ?”

ಗಿಡ್ಡಪ್ಪ ಬಾಯಿ ತೆರೆದ. ಗಾಳಿ ಬಂತು, ಹೆಸರು ಬರಲಿಲ್ಲ.

“ಇಟ್ಟೋನಿಗೇ ಗೊತ್ತಿಲ್ದಿದ್ರೆ ಉಣ್ಣೋರಿಗೆ ಹೆಂಗಪ್ಪ ಗೊತ್ತಾಗ್ಬೇಕು?” ಎಂದಳು ಕೆಂಚಮ್ಮ. ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

ಗಿಡ್ಡಪ್ಪ ಯೋಜನೆಗಳ ಕಚೇರಿಯಾದ ಕರುಣಾಸೌಧಕ್ಕೆ ಓಡಿದ. ಅಲ್ಲಿ ಒಬ್ಬ ಗುಮಾಸ್ತ ಏಕಗವಾಕ್ಷಿಯ ಹಿಂದೆ ಕುಳಿತಿದ್ದ.

“ಬಾಣಂತಿಯರಿಗೆ ಕೊಡುವುದು ಯಾವುದಪ್ಪ?”

“ಏನು ಕೊಡ್ತದೆ ಅಂತ ಕೇಳಬಾರದು ಸ್ವಾಮಿ. ಮಾರ್ಗಸೂಚಿ ಪ್ರಕಾರ ಹೆಸರು ಹೇಳಬೇಕು.”

“ಕ್ಷೀರಾಬ್ಧಿ ಸೌರಭ?”

“ಅದು ಕುದುರೆ ಲಾಯಕ್ಕೆ ಸುಣ್ಣ ಹೊಡೆಯೋದು.”

“ಮಾತೃಚಂದ್ರೋದಯ?”

“ಬೀದಿದೀಪ ಸ್ವಾಮಿ. ಎಲ್ಲಾ ತಾವೇ ಇಟ್ಟಿದ್ದು. ನಾವು ಸಣ್ಣವರು, ಅರ್ಥ ಕೇಳೋಕಾಗ್ತದಾ?”

ಗಿಡ್ಡಪ್ಪ ತನ್ನ ಜೀವಮಾನದ ಸಾಧನೆಯನ್ನೆಲ್ಲ ಒಂದೊಂದಾಗಿ ಒಪ್ಪಿಸುತ್ತ ಹೋದ. ಕೊನೆಗೆ “ಅಮೃತಾಂಬಾ ಮಂದಸ್ಮಿತ” ಎಂದಾಗ ಗುಮಾಸ್ತನ ಮುಖ ಅರಳಿತು. “ಅದೇ! ಬನ್ನಿ, ತೋರಿಸ್ತೀನಿ,” ಎಂದು ಉಗ್ರಾಣದ ಬೀಗ ತೆಗೆದ. ಒಳಗೆ ತೊಟ್ಟಿಲೊಂದು ತೂಗುಬಿದ್ದಿತ್ತು. ಗಿಡ್ಡಪ್ಪ ರೇಷ್ಮೆ ಸರಿಸಿದ. ಗುಂಡುಕಲ್ಲು ತಣ್ಣಗೆ ಮಲಗಿತ್ತು.

“ಬೆಲ್ಲ, ತುಪ್ಪ?”

“ಇಷ್ಟೇ ಬಂದಿರೋದು ಸ್ವಾಮಿ.”

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ಗಾದೆ ಗಿಡ್ಡಪ್ಪನಿಗೆ ಗೊತ್ತಿತ್ತು. ಹೊಲಿದವನು ತಾನೇ ಎಂಬುದು ಆಗ ಗೊತ್ತಾಯಿತು. ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನೇರ ಆಸ್ಥಾನಕ್ಕೆ ನುಗ್ಗಿ, “ಮಹಾಪ್ರಭು, ಬಡವರಿಗೆ ಯೋಜನೆಗಳು ಸಿಗುತ್ತಿಲ್ಲ!” ಎಂದುಬಿಟ್ಟ.

ಘೋಷಣಾದಿತ್ಯನ ಕಣ್ಣು ತುಂಬಿತು. “ಕೇಳಿದಿರಾ ಅಮಾತ್ಯರೇ? ಇಷ್ಟೊಂದು ಯೋಜನೆಗಳಿದ್ದೂ ನಮ್ಮ ಪ್ರಜೆಗಳಿಗೆ ಹುಡುಕಲು ಬರುತ್ತಿಲ್ಲ!”

“ಕೌಶಲ್ಯದ ಕೊರತೆ, ಪ್ರಭು,” ಎಂದ ಅಮಾತ್ಯ ವಿಸ್ತಾರಭಟ್ಟ. “ಯೋಜನೆಗಳನ್ನು ಹುಡುಕಿಕೊಡುವ ಯೋಜನೆಯೊಂದು ತುರ್ತಾಗಿ ಆಗಬೇಕು. ಇಂಥ ದೂರದೃಷ್ಟಿ ತಮ್ಮನ್ನು ಬಿಟ್ಟು ಇನ್ನಾರಿಗೆ ಹೊಳೆದೀತು?”

“ಹೌದು, ನಮಗೆ ಈಗಷ್ಟೇ ಹೊಳೆಯಿತು,” ಎಂದ ಮಹಾರಾಜ.

ಗಿಡ್ಡಪ್ಪ ತೊದಲಿದ. “ಅದಲ್ಲ ಪ್ರಭು… ಕಣಜದ ಬಾಗಿಲು ತೆಗೆದು, ಬಂದವರಿಗೆ ರಾಗಿ ಬೆಲ್ಲ ಅಳೆದು ಕೊಟ್ಟರೆ…”

ಮಹಾರಾಜ ಕುತೂಹಲದಿಂದ ಕೇಳಿದ, “ಅದರ ಹೆಸರೇನು?”

“ಹೆಸರಿಲ್ಲ ಪ್ರಭು. ಬಾಗಿಲು ತೆಗೆಯುವುದು, ಅಷ್ಟೇ.”

“ಹೆಸರೇ ಇಲ್ಲದ್ದನ್ನು ಉದ್ಘಾಟಿಸುವುದು ಹೇಗೆ, ಕವಿಗಳೇ?”

ಪ್ರಶ್ನೆ ನ್ಯಾಯವಾಗಿಯೇ ಇದೆಯಲ್ಲ ಎಂದು ಗಿಡ್ಡಪ್ಪನಿಗೂ ಅನ್ನಿಸಿತು. ಅಭ್ಯಾಸಬಲ. ಹುಡುಕುವ ಯೋಜನೆಗೆ ಹೆಸರು ಕೊಡಲಾರೆ ಎನ್ನಬೇಕು, ನಿಂಗಿಯ ಬತ್ತಿದ ಎದೆಯ ಆಣೆಗೂ ಕೊಡಲಾರೆ ಎನ್ನಬೇಕು ಎಂದು ಹಲ್ಲು ಕಚ್ಚಿ ನಿಂತ. ಅಷ್ಟರಲ್ಲಿ ನಾಲಿಗೆಯೇ, “ದಿವ್ಯಚಕ್ಷು ಸರ್ವಾನ್ವೇಷಣ” ಎಂದುಬಿಟ್ಟಿತು. ಚಪ್ಪಾಳೆಗೆ ಪಾರಿವಾಳಗಳು ಹಾರಿಹೋದವು. ಪ್ರಭು ತನ್ನ ಕೈಯಾರೆ ಕವಿಗೆ ಸ್ವರ್ಣಕಂಕಣ ತೊಡಿಸಿದ. ಅದನ್ನು ಮಾರಿ ಅಕ್ಕನಿಗೆ ತುಪ್ಪ ಕೊಂಡೊಯ್ಯೋಣವೆಂದು ಗಿಡ್ಡಪ್ಪ ಅಕ್ಕಸಾಲಿಗನ ಬಳಿ ಹೋದರೆ, ಅವನು ಒಂದು ಸಲ ಉಜ್ಜಿ ನೋಡಿ, “ಹೆಸರು ಮಾತ್ರ ಚಿನ್ನ ಸ್ವಾಮಿ,” ಎಂದು ಹಿತ್ತಾಳೆಯನ್ನು ಹಿಂದಕ್ಕೆ ಕೊಟ್ಟ.

ಬರಿಗೈಯಲ್ಲಿ ಅಕ್ಕನ ಕೇರಿಗೆ ಹೋದ ಗಿಡ್ಡಪ್ಪನಿಗೆ ಆಶ್ಚರ್ಯ ಕಾದಿತ್ತು. ಎದುರುಮನೆಯವರು ಹಿಡಿ ರಾಗಿ ಕೊಟ್ಟಿದ್ದರು, ಮೂಲೆಮನೆಯಾಕೆ ಒಂದು ಉಂಡೆ ಬೆಲ್ಲ ತಂದಿದ್ದಳು, ಕುರಿ ಕಾಯುವ ಮುದುಕ ಮೇಕೆಯ ಹಾಲು ಕರೆದು ಇಟ್ಟುಹೋಗಿದ್ದ. ಕೆಲವೇ ದಿನಗಳಲ್ಲಿ ನಿಂಗಿಯ ಎದೆ ತುಂಬಿತು, ಕೂಸಿಗೆ ದನಿ ಬಂತು. ಈ ಏರ್ಪಾಡಿಗೆ ಹೆಸರಿಡಬೇಕೆಂದು ಕೇರಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆದರೆ ದಿವ್ಯಚಕ್ಷುವಿನ ಪ್ರಗತಿ ಪರಿಶೀಲನೆಗೆ ಬಂದ ವಿಸ್ತಾರಭಟ್ಟ ಕೂಸಿನ ಕೆನ್ನೆ ಹಿಂಡಿ ನೋಡಿದ. “ಫಲಾನುಭವಿ ದುಂಡಗಿದೆ. ಯೋಜನೆ ಪೂರ್ಣ ಯಶಸ್ವಿ!” ಎಂದು ಅಲ್ಲೇ ಸಾರಿದ. ಮಹಾರಾಜ ಆನಂದಬಾಷ್ಪ ಸುರಿಸಿ, ದಿವ್ಯಚಕ್ಷುವಿನ ತೊಟ್ಟಿಲು ಇನ್ನು ಪ್ರತಿ ಬೀದಿಯಲ್ಲೂ ತೂಗಲಿ ಎಂದು ಅಪ್ಪಣೆ ಕೊಡಿಸಿದ. ತೊಟ್ಟಿಲುಗಳು ತಯಾರಾದವು. ಕಲ್ಲುಗಳು ಸಾಲಲಿಲ್ಲ. ಪ್ರತಿ ಮನೆಯವರೂ ತಮ್ಮ ಒರಳಿನ ಗುಂಡುಕಲ್ಲನ್ನು ಅರಮನೆಗೆ ಒಪ್ಪಿಸತಕ್ಕದ್ದು ಎಂದು ಡಂಗುರ ಹೊಡೆಸಲಾಯಿತು.

ಕಲ್ಲು ಸಂಗ್ರಹದ ಉಸ್ತುವಾರಿ ನಾಮಚಕ್ರವರ್ತಿಗೇ ಬಂತು. ಅಕ್ಕನ ಬಾಗಿಲಲ್ಲಿ ಅವನು ತಲೆತಗ್ಗಿಸಿ ನಿಂತ. ಕೆಂಚಮ್ಮ ಒರಳಿನಿಂದ ಕಲ್ಲೆತ್ತಿ, ಸೆರಗಿನಲ್ಲಿ ಒರೆಸಿ, ಅವನ ಹೆಗಲ ಮೇಲಿಟ್ಟಳು.

“ಮಗೀಗೆ ಏನಾರ ನುಣ್ಣಗೆ ಅರ್ದು ಕೊಡೋಕೆ ಇದೊಂದಿತ್ತು. ತಗೊಂಡೋಗು. ನಿಮ್ ರಾಜ್ನಿಗೆ ಇದು ಹುಟ್ಟಿದಾಗಿಂದ ಗಟ್ಟಿಯಾಗೇ ಅದೆ ಅಂತ ಹೇಳು.”

ಗಿಡ್ಡಪ್ಪನಿಗೆ ಅಳು ಬಂತು, ನಿಜವಾದ ಅಳು. ಬೀದಿಯ ತುಂಬ ಜನ ತಂತಮ್ಮ ಕಲ್ಲು ಹೊತ್ತು ಅರಮನೆಯ ಕಡೆ ನಡೆದಿದ್ದರು. ಅದನ್ನು ನೋಡುತ್ತ ನೋಡುತ್ತ, ಬೇಡ ಬೇಡವೆಂದರೂ, ಅವನಿಗೆ ಒಂದು ಹೆಸರು ಹೊಳೆಯಿತು. ಶಿಲಾಸಮರ್ಪಣ ಮಹೋತ್ಸವ. ಬಹಳ ಚೆನ್ನಾಗಿತ್ತು. ಈ ಸಲವೂ ಮರೆತುಹೋದೀತೆಂದು ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತ ನಡೆದ.