ನಾನು ಬರೆದ ಯುಗೊಸ್ಲಾವಿಯಾ

ಪತ್ರಿಕೆಯಲ್ಲಿ ದುಡಿದವರಿಗೆ ನಿವೃತ್ತಿಯಾದ ಮೇಲೂ ಇಂಥವು ಆಗುತ್ತಲೇ ಇರುತ್ತವೆ. ಎಂದೋ ಬರೆದು ಮರೆತದ್ದನ್ನು ಯಾರೋ ಎತ್ತಿಕೊಂಡು ಬಂದು ಎದುರಿಗಿಡುತ್ತಾರೆ. ನನ್ನ ಎದುರಿಗೆ ಬಂದದ್ದು ಒಂದು ಇಡೀ ದೇಶ.

ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ನಾನು ಬಹಳ ವರ್ಷ ವಿದೇಶ ಪುಟ ನೋಡಿಕೊಳ್ಳುತ್ತಿದ್ದೆ. ಸುದ್ದಿಸಂಸ್ಥೆಯಿಂದ ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡಕ್ಕೆ ಮಾಡುವುದು ಕೆಲಸ. ತೊಂಬತ್ತರ ದಶಕದಲ್ಲಿ ಯುಗೊಸ್ಲಾವಿಯಾ ಒಡೆದು ಹಲವು ದೇಶಗಳಾಗಿ ಹೋಳಾದಾಗ ಆ ಯುದ್ಧದ ಸುದ್ದಿಯನ್ನೆಲ್ಲ ಬರೆದವನು ನಾನೇ. ನಾನಾದರೋ ಊಟಿಯಿಂದಾಚೆ ಹೋದವನಲ್ಲ.

೧. ಕಾಲಂ ಸಾಲಲಿಲ್ಲ

ಒಂದು ದಿನ ಮೂರು ಕಡೆ ಗುಂಡಿನ ಚಕಮಕಿ ಎಂದು ತಲೆಬರಹ ಕೊಡಬೇಕಿತ್ತು. ಮೂರೂ ದೇಶದ ಹೆಸರು ಸೇರಿಸಿದರೆ ಕಾಲಂ ದಾಟುತ್ತಿತ್ತು. ಅಕ್ಷರ ಸ್ವಲ್ಪ ಚಿಕ್ಕದು ಮಾಡೋಣವೇ ಎಂದು ಸುದ್ದಿ ಸಂಪಾದಕರನ್ನು ಕೇಳಿದೆ.

"ಓದೋರ ಕಣ್ಣು ಹೋಗುತ್ತೆ ಕಣ್ರೀ. ಒಂದು ದೇಶ ತೆಗೀರಿ."

"ಯಾವುದು ಸಾರ್?"

"ಉದ್ದ ಇರೋದು."

ತೆಗೆದೆ. ಮರುದಿನ ಅಲ್ಲಿ ಏನೇನು ನಡೆಯಿತೋ, ಮೈಸೂರಿನವರ ಪಾಲಿಗೆ ಮಾತ್ರ ಆ ದೇಶ ತಣ್ಣಗಿತ್ತು.

೨. ಹೆಂಡತಿಯ ಸಾಕ್ಷಿ

ಈ ವರ್ಷ ಒಂದು ದಿನ, ನಜರ್‌ಬಾದಿನ ನಮ್ಮ ಮನೆಗೆ ಒಬ್ಬ ಮೇಡಂ ಬಂದರು. ಲೈಬ್ರರಿಯನ್ ಆಗಿ ನಿವೃತ್ತರಾದವರು, ಈಗ ತಿಂಗಳಿಗೊಂದು ಭಾನುವಾರ ಜನರನ್ನು ಸೇರಿಸಿ ಸಾಕ್ಷ್ಯಚಿತ್ರ ತೋರಿಸುತ್ತಾರೆ.

"ಈ ಸಲ ಯುಗೊಸ್ಲಾವಿಯಾ ಒಡೆದದ್ದರ ಮೇಲೆ ಒಂದು ಚಿತ್ರ ಸಿಕ್ಕಿದೆ ಸಾರ್. ದೊಡ್ಡ ಚಾನೆಲ್ಲು, ಪತ್ರಿಕೆಗಳೆಲ್ಲ ಆಗ ಹೇಳಿದ್ದು ಅರ್ಧ ಕಥೆ ಅನ್ನುತ್ತೆ. ಒಂದೇ ಕಡೆಯವರನ್ನ ರಾಕ್ಷಸರು ಮಾಡಿ, ಹೊರಗಿನವರ ಕೈವಾಡ ಮುಚ್ಚಿಟ್ಟರು ಅನ್ನುತ್ತೆ. ನೀವು ಮೈಕ್ ಹಿಡಿದು ಕನ್ನಡದಲ್ಲಿ ಹೇಳಿಕೊಡಬೇಕು."

ಆ ಪತ್ರಿಕೆಗಳ ಸಾಲಿನ ಕಟ್ಟಕಡೆಯಲ್ಲಿ ನಾನೂ ನಿಂತಿದ್ದೆನಲ್ಲ.

ಕಾಫಿ ತಂದ ನನ್ನ ಹೆಂಡತಿ ಕೇಳಿದಳು, "ಇವರು ಬರೆದಿದ್ದು ಸರಿ ಇಲ್ಲ ಅಂತ ಫಾರಿನ್ನೋರು ಸಿನಿಮಾನೇ ತೆಗೆದಿದ್ದಾರಾ ಮೇಡಂ?"

"ಇವರೊಬ್ಬರದೇ ಅಲ್ಲ ಕಣಮ್ಮ, ಎಲ್ಲರದೂ."

"ಅಷ್ಟು ದೂರದೋರು ಯಾಕೆ ಕಷ್ಟಪಟ್ಟರು. ನನ್ನ ಕೇಳಿದ್ದರೆ ಹೇಳ್ತಿದ್ದೆ. ಚೀಟಿ ಬರೆದುಕೊಟ್ಟರೂ ಇವರು ತರಕಾರಿ ಒಂದು ಬಿಟ್ಟೇ ಬರೋದು."

೩. ಹಸು ಹೊಡೆದವರು

ಒಪ್ಪಿಕೊಂಡೆ. ಆ ಭಾನುವಾರದ ಪ್ರದರ್ಶನಕ್ಕೆ ಪ್ರೊಜೆಕ್ಟರು, ಸ್ಪೀಕರು ತಂದವರು ಉದಯಗಿರಿಯಲ್ಲಿ ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟಿರುವ ಭಾಯಿ. ಬಾಡಿಗೆ ಬೇಡ, ಚಿತ್ರ ನೋಡ್ತೀನಿ ಸಾಕು ಅಂದವರು.

ಚಿತ್ರದಲ್ಲಿ ಆ ದೇಶದವರದೇ ಭಾಷೆ, ಕೆಳಗೆ ಇಂಗ್ಲಿಷ್ ಸಾಲು. ಓದಿ, ಕನ್ನಡ ಮಾಡಿ, ಹೇಳುವಷ್ಟರಲ್ಲಿ ನಾನು ಹಿಂದೆ ಬಿದ್ದೆ. ಪರದೆಯ ಮೇಲೆ ಸೂಟು ತೊಟ್ಟ ಹೊರಗಿನ ದೇಶಗಳ ಮಂತ್ರಿಗಳು ಕೈ ಕುಲುಕಿ ನಗುತ್ತಿದ್ದಾರೆ. ಮೈಕಿನಲ್ಲಿ ನಾನು, "ನನ್ನ ಎರಡೂ ಹಸು ಹೊಡ್ಕೊಂಡು ಹೋದರು" ಎನ್ನುತ್ತಿದ್ದೇನೆ. ಅದು ಹಿಂದಿನ ದೃಶ್ಯದ ಮುದುಕ ರೈತನ ಮಾತು.

ಭಾಯಿ ಚಿತ್ರ ನಿಲ್ಲಿಸಿದರು. "ಸಾರ್, ಹಸು ಹೊಡೆದೋರು ಇವರೇನಾ?"

"ಅಲ್ಲಪ್ಪ, ನಾನು ಹಿಂದೆ ಉಳಿದೆ. ತಪ್ಪಾಯಿತು."

"ನನಗೇನೋ ಸರಿಯಾಗೇ ಇದೆ ಅನ್ನಿಸ್ತು ಸಾರ್."

೪. ವಿದೇಶ ಪುಟ ಓದಿದವರು

ಅಲ್ಲಿಂದ ಮುಂದೆ ಭಾಯಿ ಪ್ರತಿ ಮಾತಿಗೂ ಚಿತ್ರ ನಿಲ್ಲಿಸಿ, ನಾನು ಹೇಳಿ ಮುಗಿಸಿದ ಮೇಲೆ ಬಿಟ್ಟರು. ಒಂದು ಗಂಟೆಯ ಚಿತ್ರ ಎರಡೂವರೆ ಗಂಟೆಯಾಯಿತು. ಯಾರೂ ಎದ್ದು ಹೋಗಲಿಲ್ಲ. ಆ ಜನರಿಗೆ ನಾನು ಎಷ್ಟು ಕೈ ಮುಗಿದರೂ ಕಡಿಮೆಯೇ.

ಮುಗಿದ ಮೇಲೆ ಮೇಡಂ ಎದ್ದು ನಿಂತರು. "ಈ ಚಿತ್ರವೂ ಕೆಲವರ ತಪ್ಪನ್ನ ಸುಲಭವಾಗಿ ಬಿಟ್ಟುಬಿಟ್ಟಿದೆ. ಅಲ್ಲಿ ಜನ ಸತ್ತದ್ದು ಸುಳ್ಳಲ್ಲ. ಇದನ್ನೂ ಪ್ರಶ್ನೆ ಕೇಳ್ಕೊಂಡೇ ನೋಡಬೇಕು" ಎಂದರು. ಸಭೆ ಗಂಭೀರವಾಯಿತು. ನನಗೆ ತಡೆಯಲಾಗಲಿಲ್ಲ, ಮೈಕ್ ತೆಗೆದುಕೊಂಡೆ.

"ಆಗ ವಿದೇಶ ಪುಟ ಬರೀತಿದ್ದೋನು ನಾನು. ಬಂದದ್ದನ್ನ ಹಾಗೇ ಇಳಿಸಿದೆ, ಒಂದು ಪ್ರಶ್ನೆ ಕೇಳಲಿಲ್ಲ. ಓದಿ ನಂಬಿದವರು ಇಲ್ಲಿದ್ದರೆ ಕ್ಷಮಿಸಿ."

ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದರು. "ನೀವು ಮನಸ್ಸಿಗೆ ಹಚ್ಕೋಬೇಡಿ ಸಾರ್. ಮದುವೆ ಆದಾಗಿಂದ ನಮ್ಮನೆಗೆ ನಿಮ್ಮದೇ ಪೇಪರು. ವಿದೇಶ ಪುಟ ಒಂದು ದಿನಾನೂ ಓದಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೆ ಸ್ವಲ್ಪ ಚುಚ್ಚಿತು. ಅಷ್ಟರಲ್ಲಿ ಕೆಸರೆಯಿಂದ ಬಂದಿದ್ದ ಒಬ್ಬ ಅಮ್ಮ ಕೈ ಎತ್ತಿದರು.

"ನಾನು ಓದಿವ್ನಿ ಸಾರ್. ದಿನಾ ಓದಿವ್ನಿ. ಆಗ ನಮ್ಮ ಬೀದೀಲಿ ದೊಡ್ಡೋರಿಗೆ ಅಕ್ಷರ ಕಲಿಸೋ ಕ್ಲಾಸಿತ್ತು. ಕಾಗುಣಿತ ಆದ್ಮೇಲೆ ಟೀಚರಮ್ಮ ನಿಮ್ಮ ಪುಟಾನೇ ತಂದು ಮುಂದಿಡೋರು. ಅದರಲ್ಲಿದ್ದಷ್ಟು ಒತ್ತಕ್ಷರ ಬೇರೆ ಪುಟದಲ್ಲಿ ಇರ್ನಿಲ್ಲ." ಆಮೇಲೆ ಒಂದೇ ಉಸಿರಿಗೆ ಒಪ್ಪಿಸಿದರು, "ಕ್ರೊಯೇಷಿಯಾ, ಸ್ಲೊವೇನಿಯಾ, ಬೋಸ್ನಿಯಾ, ಹರ್ಜೆಗೊವಿನಾ. ಇವು ಬಂದ್ಬುಟ್ರೆ ಮಿಕ್ಕಿದ್ದೆಲ್ಲ ಬತ್ತದೆ ಅಂತಿದ್ರು. ಬಂದ್ಬುಡ್ತು. ಅದರಿಂದ್ಲೇ ನಂಗೆ ಅಂಗನವಾಡೀಲಿ ಕೆಲಸ ಸಿಕ್ತು."

ಅಷ್ಟು ವರ್ಷದ ನೌಕರಿಯಲ್ಲಿ ಯಾರೂ ನನಗೆ ಹೀಗೊಂದು ಸರ್ಟಿಫಿಕೇಟು ಕೊಟ್ಟಿರಲಿಲ್ಲ. ಮೈಕ್ ಕೆಳಗಿಟ್ಟು ಕೇಳಿದೆ, "ನಾನು ಬರೆದದ್ದು ಸರಿಯೋ, ಈ ಚಿತ್ರ ಹೇಳಿದ್ದು ಸರಿಯೋ, ನಿಮಗೇನನ್ನಿಸ್ತಮ್ಮ?"

ಅಮ್ಮ ನಿಧಾನವಾಗಿ ಯೋಚಿಸಿದರು.

"ಯಾರದು ಸರಿ ಯಾರದು ತಪ್ಪು ಅಂತ ನಂಗೆ ಅವತ್ತೂ ಗೊತ್ತಾಗ್ನಿಲ್ಲ, ಇವತ್ತೂ ಗೊತ್ತಾಗ್ನಿಲ್ಲ ಸಾರ್. ಆದ್ರೆ ಒತ್ತಕ್ಷರ ಮಾತ್ರ ನೀವು ಒಂದೂ ತಪ್ಪಾಗಿ ಬರ್ದಿರ್ನಿಲ್ಲ."