ಕಂಕುಳಲ್ಲಿಟ್ಟ ಡಬ್ಬಿ

ರೋಡ್ ರೋಲರ್ ಓಡಿಸುವವನಿಗೂ ಅವಸರಕ್ಕೂ ಎಣ್ಣೆ ಸೀಗೇಕಾಯಿ. ಅಂಥವನಿಗೆ ಲ್ಯಾಬಿನಾಕೆ, "ಡಬ್ಬಿ ಮೈಬಿಸಿಯಲ್ಲೇ ಇರ್ಬೇಕು, ಗಂಟೆಯೊಳಗೆ ಇಲ್ಲಿಗೆ ಬರ್ಬೇಕು" ಎಂದುಬಿಟ್ಟಿದ್ದಳು. ಕ್ಯಾನ್ಸರ್ ಗೆಡ್ಡೆಗೆ ರೇಡಿಯೇಷನ್ ಕೊಡಿಸಿ ಎರಡು ವರ್ಷ ದಾಟಿತ್ತು. ಅವನ ಜೀವ ಉಳಿದಿತ್ತು. ವೀರ್ಯದಲ್ಲಿ ಜೀವ ಉಳಿದಿದೆಯೋ ಇಲ್ಲವೋ ನೋಡಬೇಕಿತ್ತು.

"ಇವತ್ತು ಗೊತ್ತಾಗ್ಬಿಡುತ್ತೆ ಅಲ್ವಾ?" ಎಂದಳು ಹೆಂಡತಿ, ಸೆರಗಿನ ತುದಿ ಹಿಂಡುತ್ತ.

ಅವನು ವೀರ್ಯದ ಡಬ್ಬಿಯನ್ನು ಎಡ ಕಂಕುಳಲ್ಲಿ ಅವುಚಿಕೊಂಡು, ರೆಕ್ಕೆ ಮುರಿದ ಕೋಳಿಯ ಹಾಗೆ ಹೊರಟ. ಮೆಟ್ಟಿಲಲ್ಲೇ ಎದುರುಮನೆ ಅಕ್ಕ ಅಡ್ಡ ಬಂದಳು.

"ಕೈ ಯಾಕೋ ಹಂಗೆ ಹಿಡ್ಕೊಂಡಿದೀಯ? ಕುರು ಎದ್ದಿದ್ಯಾ?"

"ಹೂಂ ಅಕ್ಕಾ, ಕುರು."

ಆ ಸುಳ್ಳೇ ಕುತ್ತಿಗೆಗೆ ಬಂತು. "ರೀ, ಬೇಗ ಬನ್ರೀ!" ಎಂದು ಅಕ್ಕ ಒಳಗೆ ಕೂಗಿದಳು. ಅವಳ ಗಂಡ, ನಿವೃತ್ತ ಕಾಂಪೌಂಡರ್, ಕನ್ನಡಕ ಏರಿಸುತ್ತ ಓಡಿಬಂದರು. ಕೆಲಸ ಬಿಟ್ಟಮೇಲೆ ಅವರ ಕೈಗೆ ಒಂದು ಕುರುವೂ ಸಿಕ್ಕಿರಲಿಲ್ಲ.

"ಕೈ ಎತ್ತಪ್ಪಾ."

"ಬೇಡ ಸಾರ್, ಒಡೆದುಹೋಗುತ್ತೆ!"

"ಒಡೆದ್ರೇ ಒಳ್ಳೇದು ಕಣಯ್ಯಾ!"

ಅವರು ಕೈ ಎಳೆದರು, ಇವನು ಬಿಗಿಹಿಡಿದ. ಅಕ್ಕ ಶಾಖ ಕೊಡಲು ಬಟ್ಟೆ ತರಲು ಹೋದದ್ದೇ ತಡ, ಹಿರಿಯರ ತೋಳಡಿ ನುಸುಳಿ ಬೀದಿಗೆ ಬಿದ್ದು ಓಡಿದ. ಅಂಥ ವೇಗವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಲ್ಯಾಬಿನಾಕೆ ಡಬ್ಬಿ ಇಸಿದುಕೊಂಡು, "ಕೂತಿರಿ ಅಣ್ಣಾ" ಎಂದು ಒಳಗೆ ಹೋದಳು. ಎಷ್ಟು ಹೊತ್ತಾದರೂ ಕರೆಯಲಿಲ್ಲ. ತಡೆಯಲಾರದೆ ಬಾಗಿಲು ಸರಿಸಿ ಇಣುಕಿದ. ಯಾರೂ ಇಲ್ಲ. ಮೇಜಿನ ಮೇಲೆ ಸೂಕ್ಷ್ಮದರ್ಶಕದ ದೀಪ ಉರಿಯುತ್ತಿತ್ತು. ಮೆಲ್ಲಗೆ ಹೋಗಿ ಕಣ್ಣಿಟ್ಟ.

ಇನ್ನೊಂದು ಕಣ್ಣು ಮುಚ್ಚಿಕೊಂಡು ನೋಡಿದ.

ಬೆಳಕಿನ ಕೆರೆಯೊಂದರಲ್ಲಿ ಬಾಲವಿದ್ದ ಚುಕ್ಕೆಗಳು, ಲೆಕ್ಕವಿಲ್ಲದಷ್ಟು! ಡಿಕ್ಕಿ ಹೊಡೆದು, ತಿರುಗಿ, ಮತ್ತೆ ನುಗ್ಗುತ್ತಿದ್ದವು. ದಾರಿ ತೋರಿಸಿದವರಿಲ್ಲ, ತಳ್ಳುವವರಿಲ್ಲ. ಆದರೂ ಹೋಗಲೇಬೇಕೆಂಬ ಹಟ. ಟನ್ನುಗಟ್ಟಲೆ ಕಬ್ಬಿಣ ಓಡಿಸುವವನು ಕಣ್ಣಿಗೆ ಕಾಣದಷ್ಟು ಸಣ್ಣದಾದ ಆ ಜೀವಗಳ ಮುಂದೆ ತನಗರಿವಿಲ್ಲದೆ ಕೈಮುಗಿದ.

"ಒಂದು ಕೂಸು ಸಾಕು ಅಂದ್ರೆ, ಊರೇ ಹೊರಟಿದೆಯಲ್ಲಪ್ಪಾ!"

"ಅಯ್ಯೋ ಅಣ್ಣಾ!" ಹಿಂದಿನಿಂದ ಲ್ಯಾಬಿನಾಕೆ ಕೂಗಿದಳು. "ಅದು ನಿಮ್ದಲ್ಲ, ಬೇರೆಯವರದ್ದು. ನಿಮ್ದು ಪಕ್ಕದ ರೂಮಲ್ಲಿ ನೋಡಿದೆ."

"ಏನಿತ್ತು?"

ಅವಳ ದನಿ ಇಳಿಯಿತು. "ಏನೂ ಕಾಣ್ಲಿಲ್ಲ ಅಣ್ಣಾ. ರೇಡಿಯೇಷನ್ ಆದವರಲ್ಲಿ ಕೆಲವರಿಗೆ ವರ್ಷಗಟ್ಟಲೆ ತಡವಾಗಿ ವಾಪಸ್ ಬರುತ್ತೆ. ಕೆಲವರಿಗೆ ಬರೋದೇ ಇಲ್ಲ. ಡಾಕ್ಟ್ರು ಹೇಳ್ತಾರೆ. ಇನ್ನೊಂದ್ಸಲ ಟೆಸ್ಟ್ ಮಾಡಿಸ್ಬೇಕಾಗುತ್ತೆ."

ಅವನು ತಲೆಯಾಡಿಸಿದ. ಬಾಗಿಲವರೆಗೆ ಹೋದವನು ಅಲ್ಲೇ ನಿಂತ.

"ಯಾರದ್ದಾದ್ರೂ ಆಗ್ಲಿ ಕಣಮ್ಮಾ," ಎಂದ, "ಇನ್ನೊಂದ್ಸಲ ನೋಡ್ಲಾ?"